ಹದಿನೇಳನೇ ದಿನದ ಮುಖ

ಮೊದಲ ದಿನವೇ ಕೊನೆಯ ದೃಶ್ಯ.
ಮನೆ ಸುಡಲು ಪರವಾನಗಿ ಸಿಕ್ಕಿದ್ದು
ಆ ಸೋಮವಾರಕ್ಕೆ ಮಾತ್ರ.
ಹಾಗಾಗಿ ಬೆಳಗಿನ ಐದಕ್ಕೆ
ಲೋಟ್ಲಿಯ ಒಂದು ಹಳೆಯ ಜಗಲಿಯಲ್ಲಿ ಕೂತು
ಕಥೆಯಲ್ಲಿ ಇನ್ನೂ ನಡೆಯದ ಹದಿನೇಳು ದಿನಗಳನ್ನು
ಥಾವರ್ಯಾನ ಮುಖಕ್ಕೆ ಬಳಿದೆ.

ತೆಂಗಿನ ಚಿಪ್ಪು ಸುಟ್ಟ ಮಸಿ, ಎರಡು ಹನಿ ಕೊಬ್ಬರಿ ಎಣ್ಣೆ,
ತುಟಿ ಒಡೆದಂತೆ ಕಾಣಲು ಮೊಟ್ಟೆಯ ಬಿಳಿ.
ಡೊಂಬಿವಲಿಯಿಂದ ಹೊತ್ತು ತಂದ ಈ ಪೆಟ್ಟಿಗೆಯಲ್ಲಿ
ಮದುಮಗಳಿಗೂ ಹೆಣಕ್ಕೂ ಒಂದೇ ಬ್ರಶ್ಶು.
"ವಯಸ್ಸೆಷ್ಟೋ?"
"ಹದಿನಾಕು ಮುಗದು ಹದಿನೈದರಾಗ."
"ಅಲ್ಲಾಡಬೇಡ."

ಕಥೆ ಇಷ್ಟು: ಒಂದು ಊರು, ಅದರೊಳಗೆ ಬಂದು ಕೂತ ಸೈನ್ಯ.
ಯಾವ ದೇಶದ್ದೆಂದು ಹೇಳುವುದಿಲ್ಲ.
ಯಾರಿಗೂ ನೋವಾಗದಿರಲೆಂದು
ಟೇಲರ್ ಮಾಮು ತೋಳಿನ ಬಿಲ್ಲೆಗಳನ್ನೆಲ್ಲ ಖಾಲಿ ಹೊಲಿದಿದ್ದ,
ಖಾಕಿಯ ಮೇಲೊಂದು ಖಾಕಿ ಚೌಕ.
ಆದರೂ ಊಟದ ಹೊತ್ತಿಗೆ
ಊರವರ ವೇಷದವರು ಒಂದು ಮರದಡಿ,
ಸಿಪಾಯಿ ವೇಷದವರು ಇನ್ನೊಂದರಡಿ.
ಹಾಗೆ ಕೂರಿರೆಂದು ಯಾರೂ ಹೇಳಿರಲಿಲ್ಲ.
ಸಿಪಾಯಿಗಳಲ್ಲಿ ಇಬ್ಬರು ಥಾವರ್ಯಾನ ಓಣಿಯವರೇ,
ರಾತ್ರಿ ಪಾಳಿಯ ವಾಚ್‌ಮನ್‌ಗಳು.
ಬೂಟು ತಮ್ಮದೇ ತಂದಿದ್ದರು.

ಮನೆಯೊಡತಿ ಪಿಯೆದಾದ್ ಬಾಯಿಗೆ ಎಂಬತ್ತಾರು.
ಆರ್ಟಿನ ಹುಡುಗರು ಅವಳ ಗೋಡೆಯ ಮೇಲೆ
ಯಾವ ಭಾಷೆಯದೂ ಅಲ್ಲದ ಲಿಪಿಯಲ್ಲಿ
ದೊಡ್ಡ ಕಪ್ಪು ಹುಕುಂ ಬರೆದರು.
ಏನಿದು, ಕೇಳಿದಳು.
ಏನೂ ಅಲ್ಲ ಬಾಯಿ, ಸುಮ್ಮನೆ ಗೀಟು.
ಸುಮ್ಮನೆ ಯಾರೂ ಇನ್ನೊಬ್ಬರ ಗೋಡೆಗೆ ಬರೆಯುವುದಿಲ್ಲ
ಎಂದವಳೇ ಚಿಪ್ಪಿನ ಕಿಟಕಿ ಎಳೆದುಕೊಂಡಳು.
ಆಮೇಲೆ ಸಂಜೆ ಆರು ಹೊಡೆದರೆ
ಕೋಳಿ ಕರೆಯಲಿಕ್ಕೂ ಅವಳು ಹೊರಗೆ ಬಂದದ್ದು ನಾನು ಕಾಣೆ.

ಹನ್ನೊಂದನೇ ದಿನ ಮೊದಲ ದೃಶ್ಯ.
ಯುದ್ಧಕ್ಕೆ ಮುಂಚಿನ ಬೆಳಗು, ಪಾವ್ ಮಾರುವ ಸೈಕಲ್ಲು,
ಪೋಂ ಪೋಂ ಎನ್ನುತ್ತ ಇಳಿಜಾರಿನಲ್ಲಿ ಬರಬೇಕು ಹುಡುಗ, ನಗುತ್ತ.
ಬಣ್ಣ ಬೇಡ, ಬರೀ ಹುಡುಗನನ್ನು ಕೊಡಿ ಅಂದರು ನಿರ್ದೇಶಕರು.
ಹಾಲಿನಲ್ಲಿ ಹತ್ತಿ ಅದ್ದಿ ಒರೆಸಿದೆ.
ಮಸಿ ಹೋಯಿತು.
ಕಣ್ಣ ಕೆಳಗಿನ ಎರಡು ಗೆರೆ ಹೋಗಲಿಲ್ಲ.
ಅವು ನನ್ನ ಬ್ರಶ್ಶಿನವಲ್ಲ.
ಕಂಟಿನ್ಯೂಯಿಟಿ ಹುಡುಗಿ ಫೋಟೋ ನೋಡಿದಳು, ನನ್ನನ್ನು ನೋಡಿದಳು,
ಫೌಂಡೇಶನ್ ಹಚ್ಚಿಬಿಡಿ ಅಕ್ಕ, ಅಂದಳು.

ಹಚ್ಚುತ್ತ ಕೇಳಿದೆ.
ಮೂರನೇ ಕ್ಲಾಸಿನಲ್ಲಿದ್ದನಂತೆ. ಜೆಸಿಬಿ ಬಂದ ದಿನ
ಅವ್ವ ಮೊದಲು ಹೊರಗೆ ತಂದದ್ದು ಸಿಲಿಂಡರು,
ಆಮೇಲೆ ಮಾಡಿನ ತಗಡು,
ಆಮೇಲೆ ಅವನನ್ನು.
"ತಗಡು ಹೊಸಾವಿದ್ದೂರೀ" ಅಂದ,
ಅವ್ವನ ಪರ ವಹಿಸಿಕೊಂಡು.

ಒಂಬತ್ತು ಟೇಕು. ನಗು ಬಂತು,
ಬರಬೇಕಾದ ತಿರುವಿನಲ್ಲಿ ಬರಲಿಲ್ಲ.

ಕಡೆಯ ದಿನ ಬಿಟ್ಟುಹೋದದ್ದೊಂದು ಶಾಟು, ಮತ್ತೆ ಪೂರ್ತಿ ಮಸಿ.
ಪ್ಯಾಕಪ್ ಆದ ಮೇಲೆ ಸುಟ್ಟ ಅಂಗಿಯನ್ನು ಎಣಿಸಿ ವಾಪಸು ಪಡೆದರು.
ಮುಖವನ್ನು ಯಾರೂ ಕೇಳಲಿಲ್ಲ.
"ಅಕ್ಕಾ, ಇವತ್ತ ತೊಳೀಬ್ಯಾಡ್ರಿ. ತಂಗೀಗಿ ತೋರಸ್ತೀನಿ."
ಹಣೆಯಲ್ಲಿ ನಾನು ಕೊಟ್ಟ ಗಾಯ ಹೊತ್ತು
ವೆರ್ಣಾದಲ್ಲಿ ಝುವಾರಿನಗರದ ಬಸ್ಸು ಹತ್ತಿದ.
ಮರುದಿನ ಫೋನಿನಲ್ಲಿ ದೂರು:
"ಬಸ್ಸಿನ್ಯಾಗ ಒಬ್ಬರೂ ತಿರುಗಿ ನೋಡ್ಲಿಲ್ರಿ.
ಕಂಡಕ್ಟರ್ ಚಿಲ್ಲರ ಕೇಳ್ದ, ಅಷ್ಟ."

ಒಂದು ಮಾತು ಅವನಿಗೂ ಹೇಳಿಲ್ಲ.
ಆ ಸೋಮವಾರ, ಮನೆಗೆ ಬೆಂಕಿ ಇಡುವ ಮುನ್ನ,
ಅಷ್ಟೆಲ್ಲ ಮಸಿ ಬಳಿದ ಮೇಲೂ
ಬೆರಳಲ್ಲಿ ಉಳಿದದ್ದನ್ನು
ಅವನ ಎಡಗಿವಿಯ ಹಿಂದೆ ಒತ್ತಿದೆ,
ನಮ್ಮಮ್ಮ ತೊಟ್ಟಿಲ ಕೂಸಿಗೆ ದೃಷ್ಟಿಬೊಟ್ಟು ಇಡುತ್ತಿದ್ದಂತೆ.
ಯಾವ ಫೋಟೋದಲ್ಲೂ ಅದು ಬಂದಿಲ್ಲ.
ಶೂಟಿಂಗ್ ಮುಗಿಯುವ ತನಕ ದಿನವೂ ಇಟ್ಟೆ,
ಬರೀ ಮುಖದ ಆ ಒಂದು ಬೆಳಗ್ಗೆ ಕೂಡ,
ಅದೇ ಜಾಗದಲ್ಲಿ,
ಕಂಟಿನ್ಯೂಯಿಟಿ ತಪ್ಪಬಾರದೆಂದು.